ಲಿನಕ್ಸ್ ಬಂತು, ವೈಫೈ ಎಲ್ಲಿ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಪರದೆ, ಕೀಲಿಮಣೆ, ಡಿಸ್ಕ್ ಎಲ್ಲವೂ ಗಟ್ಟಿಮುಟ್ಟಾಗಿದ್ದರೂ ಈ ಷರತ್ತು ಪೂರೈಸದ ಲ್ಯಾಪ್‌ಟಾಪ್‌ಗಳು ಏಕಾಏಕಿ ‘ಹಳೆಯವು’ ಎನಿಸಿಕೊಂಡವು. ಅವನ್ನು ಗುಜರಿಗೆ ಹಾಕಲು ಮನಸ್ಸಾಗದವರಿಗೆ ಲಿನಕ್ಸ್ ಒಂದು ದಾರಿ, ಅದೂ ಖರ್ಚಿಲ್ಲದ ದಾರಿ. ಆದರೆ ಈ ದಾರಿ ಹಿಡಿದವರಲ್ಲಿ ಕೆಲವರು ಮೊದಲ ದಿನವೇ ಕೈಚೆಲ್ಲುತ್ತಾರೆ. ಅಳವಡಿಕೆ ಮುಗಿದಿದೆ, ಪರದೆ ಚೆಂದವಾಗಿ ಮೂಡಿದೆ, ವೈಫೈ ಮಾತ್ರ ಇಲ್ಲ.

ಇದನ್ನು ಲಿನಕ್ಸ್‌ನ ದೋಷವೆಂದು ಬಗೆಯುವುದು ವಾಡಿಕೆ. ವಾಸ್ತವ ಬೇರೆಯೇ ಇದೆ. ಇಂದಿನ ಬಹುತೇಕ ವೈಫೈ ಚಿಪ್‌ಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡಲಾರವು. ಕಂಪ್ಯೂಟರ್ ಆರಂಭವಾದಾಗಲೆಲ್ಲ ಅವುಗಳೊಳಕ್ಕೆ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶವನ್ನು ತುಂಬಬೇಕು. ತಯಾರಕರು ಇದರ ಮೂಲ ಸಂಕೇತವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯಾದರೋ, ತಾನು ಸಂಪೂರ್ಣ ಮುಕ್ತವಾಗಿಯೇ ಉಳಿಯುವುದಾಗಿ 1997ರ ತನ್ನ ಸಾಮಾಜಿಕ ಒಡಂಬಡಿಕೆಯಲ್ಲಿ ವಚನ ಕೊಟ್ಟಿತ್ತು. ಹೀಗಾಗಿ ಅದರ ಅಧಿಕೃತ ಅಳವಡಿಕೆ ಡಿಸ್ಕ್‌ನಲ್ಲಿ ಇಂಥ ಫರ್ಮ್‌ವೇರ್‌ಗೆ ಬಹುಕಾಲ ಪ್ರವೇಶವಿರಲಿಲ್ಲ. ಉಬುಂಟು ಈ ಮಡಿವಂತಿಕೆ ಇಟ್ಟುಕೊಳ್ಳಲಿಲ್ಲ. ಅದು ಹೊಸಬರಿಗೆ ಹತ್ತಿರವಾದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಡೆಬಿಯನ್ ಬಳಕೆದಾರನ ಪಾಡು ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಾಗಿತ್ತು. ವೈಫೈ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಇಳಿಸಿಕೊಳ್ಳಲು ವೈಫೈ ಬೇಕು! 2022ರಲ್ಲಿ ಯೋಜನೆಯ ಸದಸ್ಯರು ಮತ ಚಲಾಯಿಸಿ ಒಡಂಬಡಿಕೆಗೇ ಒಂದು ಮಾತು ಸೇರಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಡಿಸ್ಕ್‌ನಲ್ಲೇ ಸಿಗುತ್ತದೆ. ತತ್ವಕ್ಕೆ ಮುಕ್ಕಾಯಿತೆಂದು ಕೊರಗುವವರಿದ್ದಾರೆ. ಅವರ ಅಳಲು ಸುಳ್ಳಲ್ಲ. ಆದರೆ ಗುಟ್ಟು ಬಿಟ್ಟುಕೊಡದ ತಯಾರಕರ ತಪ್ಪಿಗೆ ಬಳಕೆದಾರ ದಂಡ ತೆರುವುದು ಯಾವ ನ್ಯಾಯ?

ಹಾಗೆಂದು ತೊಡಕು ಪೂರ್ಣ ನೀಗಿಲ್ಲ. ಬ್ರಾಡ್‌ಕಾಮ್‌ನ ಕೆಲವು ಹಳೆಯ ಚಿಪ್‌ಗಳ ಫರ್ಮ್‌ವೇರನ್ನು ಇತರರು ಹಂಚುವಂತಿಲ್ಲ. ಅದನ್ನು ಈಗಲೂ ಅಂತರ್ಜಾಲದಿಂದಲೇ ತರಬೇಕು. ಗುಜರಿಯಿಂದ ಉಳಿಸಬೇಕೆನ್ನುವ ಯಂತ್ರಗಳಲ್ಲೇ ಇಂಥ ಚಿಪ್‌ಗಳು ಇರುವ ಸಂಭವ ಹೆಚ್ಚು.

ಸಮಾಧಾನದ ಸಂಗತಿಯೆಂದರೆ, ಕೇಳಿದರೆ ಲಿನಕ್ಸ್ ತನ್ನ ತೊಂದರೆಯನ್ನು ಬಾಯಿಬಿಟ್ಟು ಹೇಳುತ್ತದೆ. ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್’ ಎಂಬ ಆದೇಶ ಕೊಟ್ಟರೆ ವೈಫೈಯನ್ನು ಯಾವುದಾದರೂ ಗುಂಡಿ ತಡೆದಿದೆಯೇ ಎಂಬುದು ತಿಳಿಯುತ್ತದೆ. (ಲ್ಯಾಪ್‌ಟಾಪ್‌ನ ಅಂಚಿನ ಪುಟ್ಟ ಸ್ವಿಚ್ಚೊಂದೇ ಅಪರಾಧಿಯಾಗಿರುವುದೂ ಉಂಟು.) ‘ಎಲ್‌ಎಸ್‌ಪಿಸಿಐ’ ಚಿಪ್‌ನ ಕುಲಗೋತ್ರ ಹೇಳುತ್ತದೆ. ‘ಡಿಎಂಇಎಸ್‌ಜಿ’ಯಲ್ಲಿ ಕರ್ನೆಲ್ ಯಾವ ಫರ್ಮ್‌ವೇರ್ ಕಡತವನ್ನು ಹುಡುಕಿ ಸೋತಿತೆಂಬುದು ಹೆಸರಿನ ಸಮೇತ ದಾಖಲಾಗಿರುತ್ತದೆ. ಆ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಆಂಡ್ರಾಯ್ಡ್ ಫೋನನ್ನು ತಂತಿಯಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆರಂಭಿಸಿದರೆ ಸಾಕು. ಲಿನಕ್ಸ್ ಸಾಮಾನ್ಯವಾಗಿ ಫೋನನ್ನು ತಂತಿ ಜಾಲದ ಸಾಧನವೆಂದೇ ಭಾವಿಸಿ ಅಂತರ್ಜಾಲಕ್ಕೆ ದಾರಿ ಮಾಡಿಕೊಳ್ಳುತ್ತದೆ. ಸಂದೇಶ ಓದುವ ಸಹನೆಯಿಲ್ಲದೆ, ಯಾರೋ ಎಲ್ಲೋ ಬರೆದ ಆದೇಶಗಳನ್ನು ನಿರ್ವಾಹಕನ ಅಧಿಕಾರದಲ್ಲಿ ಸಾಲಾಗಿ ಚಲಾಯಿಸಿದರೆ ಸಣ್ಣ ಗಾಯ ಹುಣ್ಣಾಗುತ್ತದೆ.

ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಂಡವರಿಗೆ ಇನ್ನೊಂದು ಬೆರಗು ಕಾದಿರುತ್ತದೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ! ಬ್ಯಾಟರಿ ಸತ್ತಿರುವುದಿಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಎರಡರಲ್ಲೊಂದಕ್ಕೆ ಇನ್ನೊಂದರ ಪದ್ಧತಿ ಕಲಿಸಿದರಾಯಿತು.

ಇವು ಪಂಡಿತರ ವಿದ್ಯೆಯೇನಲ್ಲ. ನೆರೆಯ ಕೇರಳದ ಶಾಲೆಗಳಲ್ಲಿ ಸುಮಾರು ಎರಡು ದಶಕಗಳಿಂದ ಲಿನಕ್ಸ್ ಬಳಕೆಯಲ್ಲಿದೆ. ಅಲ್ಲಿನ ಸರ್ಕಾರ ತಂತ್ರಾಂಶವನ್ನು ಹಂಚಿ ಸುಮ್ಮನಾಗದೆ ಶಿಕ್ಷಕರಿಗೂ ತರಬೇತಿ ಕೊಟ್ಟಿತು. ಯಂತ್ರ ಮುನಿದಾಗ ಅದರ ಸಂದೇಶ ಓದಬಲ್ಲವರೊಬ್ಬರು ಶಾಲೆಯಲ್ಲೇ ಇದ್ದರೆ ಲಿನಕ್ಸ್ ಉಳಿಯುತ್ತದೆ, ಇಲ್ಲದಿದ್ದರೆ ಕಂಪ್ಯೂಟರ್ ಕೋಣೆಗೆ ಬೀಗ ಬೀಳುತ್ತದೆ. ನಮ್ಮ ಶಾಲೆ, ಕಚೇರಿಗಳ ಹಳೆಯ ಯಂತ್ರಗಳನ್ನು ಹರಾಜಿಗೆ ಇಡುವ ಮುನ್ನ ಶಿಕ್ಷಣ ಇಲಾಖೆ ಈ ಲೆಕ್ಕವನ್ನೂ ಹಾಕಬೇಕು.

ಮನೆಯಲ್ಲಿ ಪ್ರಯತ್ನಿಸುವವರು ಇಷ್ಟೆಲ್ಲ ಹೆದರಬೇಕಾಗಿಲ್ಲ. ಲಿನಕ್ಸ್‌ನ ‘ಲೈವ್’ ಆವೃತ್ತಿಯನ್ನು ಪೆನ್ ಡ್ರೈವ್‌ನಿಂದಲೇ ನಡೆಸಿ ವೈಫೈ, ಧ್ವನಿ, ಮುದ್ರಣಯಂತ್ರ ಎಲ್ಲವನ್ನೂ ಪರೀಕ್ಷಿಸಬಹುದು. ಅಳವಡಿಕೆಯ ಗುಂಡಿ ಒತ್ತದಿದ್ದರೆ, ಪೆನ್ ಡ್ರೈವ್ ಕಿತ್ತು ಮತ್ತೆ ಆರಂಭಿಸಿದಾಗ ಹಳೆಯ ವಿಂಡೋಸ್ ಇದ್ದ ಹಾಗೆಯೇ ಎದುರಾಗುತ್ತದೆ.