ಯಂತ್ರಕ್ಕೆ ನಮ್ಮ ಮನೆಮಾತು ತಿಳಿಸುವವರಾರು?

ಮೊಬೈಲು ಬಂದು ಮಕ್ಕಳು ಕೆಟ್ಟರು, ಸಿನಿಮಾ ನೋಡಿ ಹುಡುಗರು ಹಾಳಾದರು ಎಂಬ ಮಾತು ನಮ್ಮಲ್ಲಿ ಮದುವೆಯ ಚಪ್ಪರದಿಂದ ಹಿಡಿದು ಸಹಕಾರಿ ಬ್ಯಾಂಕಿನ ಜಗಲಿಯ ತನಕ ಎಲ್ಲೆಡೆಯೂ ಕೇಳಿಬರುತ್ತದೆ. ಹೀಗೆ ಹೇಳುವವರ ಕಿಸೆಯಲ್ಲಿಯೂ ಒಂದು ಮೊಬೈಲು ಇದ್ದೇ ಇರುತ್ತದೆ. ಮಾತಿನ ನಡುವೆ ಅದು ಎರಡು ಸಲ ಕೂಗಿಯೂ ಇರುತ್ತದೆ. ಆದುದರಿಂದ ಆ ಹಳೆಯ ದೂರನ್ನು ಇಲ್ಲಿ ಮತ್ತೊಮ್ಮೆ ಒಪ್ಪಿಸುವ ಉದ್ದೇಶ ನನಗಿಲ್ಲ. ಗಡಿನಾಡಿನ ಕನ್ನಡಿಗರಾದ ನಮಗೆ ಈ ಯಂತ್ರಗಳಿಂದಲೂ ಸಿನಿಮಾಗಳಿಂದಲೂ ಬೇರೆಯೇ ಒಂದು ತೊಂದರೆ ಇದೆ. ಮಂಗಳೂರಿನವರಿಗಾಗಲಿ ಕಣ್ಣೂರಿನವರಿಗಾಗಲಿ ಅದು ಸುಲಭವಾಗಿ ಅರ್ಥವಾಗುವಂಥದ್ದಲ್ಲ. ನಮ್ಮ ಕಾಲದ ಯಂತ್ರ ನಾವು ಯಾವ ಊರಿನವರೆಂದು ಮೊದಲು ತಿಳಿದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಯಾವ ಮಾತು ಎಂಬುದನ್ನು ಅದರಿಂದಲೇ ಊಹಿಸಿಬಿಡುತ್ತದೆ. ಕಾಸರಗೋಡು ಕೇರಳದಲ್ಲಿದೆ, ಆದುದರಿಂದ ಈ ಮನುಷ್ಯ ಮಲೆಯಾಳಿ. ಯಂತ್ರದ ತರ್ಕ ಇಷ್ಟೇ.

ಮೊಬೈಲಿನ ಬಿಲ್ಲಿನ ಬಗ್ಗೆ ವಿಚಾರಿಸಲು ಫೋನು ಮಾಡಿದರೆ ಸಾಕು, ಇದು ತಿಳಿಯುತ್ತದೆ. ಮಲೆಯಾಳಕ್ಕೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು ಒತ್ತಿ, ಹಿಂದಿಗೆ ಮೂರನ್ನು ಒತ್ತಿ ಎಂದು ಒಬ್ಬಾಕೆ ಇಂಪಾಗಿ ಹೇಳುತ್ತಾಳೆ. ಕನ್ನಡಕ್ಕೆ ಎಷ್ಟನ್ನು ಒತ್ತಬೇಕೆಂದು ಕಾದು ಕುಳಿತ ನಮ್ಮ ಅಜ್ಜಂದಿರ ಕಿವಿಗೆ ಕೊನೆಗೆ ಬೀಳುವುದು ಬರಿಯ ಸಂಗೀತ. 1956ರ ನವೆಂಬರ್ 1ರಂದು ಎಳೆದ ಗೆರೆಯ ಈಚೆಗೆ ಉಳಿದ ನಮ್ಮ ಹಿರಿಯರು, ಸರಕಾರಿ ಕಛೇರಿಗಳಲ್ಲಿ ಕನ್ನಡದ ಅರ್ಜಿ, ಕನ್ನಡದ ನೋಟೀಸುಗಳಿಗಾಗಿ ದಶಕಗಳ ಕಾಲ ಹೋರಾಡಿದರು. ಕಛೇರಿಗಾದರೆ ಒಂದು ಬಾಗಿಲಿದೆ. ಅದರ ಮುಂದೆ ಧರಣಿ ಕೂರಬಹುದು. ಯಂತ್ರದ ಮುಂದೆ ಧರಣಿ ಕೂರುವುದು ಎಲ್ಲಿ?

ಬೆಳ್ಳಿತೆರೆಯ ಕತೆ

ಸಿನಿಮಾದ ವಿಷಯಕ್ಕೆ ಬರೋಣ. ಮೊದಲೇ ಹೇಳಿಬಿಡುತ್ತೇನೆ, ಮಲೆಯಾಳ ಚಿತ್ರಗಳ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಎರಡು ಭಾಷೆ ಬಲ್ಲವರಾದುದರಿಂದ ನಮಗೆ ಲಾಭವೇ ಆಗಿದೆ. 1993ರಲ್ಲಿ ಬಂದ 'ಮಣಿಚಿತ್ರತ್ತಾಳ್' ಕನ್ನಡದಲ್ಲಿ 'ಆಪ್ತಮಿತ್ರ'ವಾಗಿ ಬಂದುದು 2004ರಲ್ಲಿ. ಕರ್ನಾಟಕದ ಪ್ರೇಕ್ಷಕರು ಆ ಕತೆಗೆ ಬೆಚ್ಚಿಬೀಳುವ ಹನ್ನೊಂದು ವರ್ಷ ಮೊದಲೇ ನಾವು ಇಲ್ಲಿ ಬೆಚ್ಚಿಬಿದ್ದು ಎದ್ದಿದ್ದೆವು. 2013ರ 'ದೃಶ್ಯಂ' ಮರುವರ್ಷ ಕನ್ನಡದ 'ದೃಶ್ಯ'ವಾದಾಗ, ಮೋಹನಲಾಲ್ ಮೇಲೋ ರವಿಚಂದ್ರನ್ ಮೇಲೋ ಎಂದು ವಾದಿಸುವ ಅಧಿಕಾರ ನಿಜಕ್ಕೂ ಇದ್ದದ್ದು ನಮ್ಮಂಥ ಗಡಿನಾಡಿನವರಿಗೇ.

ಮುನಿಸು ಇರುವುದು ಬೇರೆ ಕಡೆ. ಹಿಂದೆ ಹೊಸ ಕನ್ನಡ ಚಿತ್ರ ನೋಡಬೇಕೆಂದರೆ ಹಲವರು ಮಂಗಳೂರಿನ ಬಸ್ಸು ಹತ್ತುತ್ತಿದ್ದರು. ಕಾಸರಗೋಡು ಪೇಟೆಯಿಂದ ಐವತ್ತು ಕಿಲೋಮೀಟರು ದಾರಿ, ಹೋಗಿ ಬರುವಾಗ ಕತ್ತಲೆ. ಆದರೂ ನೋಡಿದ ಚಿತ್ರ ಕನ್ನಡದ್ದೇ ಆಗಿರುತ್ತಿತ್ತು. ಈಗ ಕನ್ನಡ ಚಿತ್ರವೇ ನಮ್ಮ ಊರಿಗೆ ಬರುತ್ತದೆ, ಆದರೆ ಮಲೆಯಾಳ ಮಾತನಾಡಿಕೊಂಡು ಬರುತ್ತದೆ! 2022ರಲ್ಲಿ 'ಕಾಂತಾರ' ದೇಶವೆಲ್ಲ ಸದ್ದು ಮಾಡಿದಾಗ ಮಲೆಯಾಳದಲ್ಲಿಯೂ ಅದು ಡಬ್ಬಿಂಗ್ ಆಗಿ ಬಂತು. ನಮ್ಮ ಸಮೀಪದ ಟಾಕೀಸಿಗೆ ಬಂದುದು ಅದೇ. ತರವಾಡು ಮನೆಯಲ್ಲಿ ವರ್ಷ ವರ್ಷವೂ ಪಂಜುರ್ಲಿಗೆ ಕೈಮುಗಿಯುವ, ಗುಳಿಗನಿಗೆ ಹೆದರುವ ಹುಡುಗ, ಅದೇ ಪಂಜುರ್ಲಿಯ ಕತೆಯನ್ನು ಮಲೆಯಾಳದಲ್ಲಿ ಕೇಳಿ ಬಂದ. "ಹೇಗಿತ್ತಪ್ಪಾ?" ಎಂದು ಕೇಳಿದೆ. "ಲಾಯ್ಕ ಇತ್ತು ಮಾಷ್ಟ್ರೇ, ಆದ್ರೆ ದೂರದ ಊರಿನ ಹಾಗೆ ಕಂಡಿತು" ಎಂದ. ನಮ್ಮ ದೈವ ನಮಗೇ ದೂರದ್ದಾಗಿ ಕಾಣುವುದಕ್ಕಿಂತ ಖೇದದ ಸಂಗತಿ ಬೇರೇನಿದೆ?

ಮನೆಯ ಟಿ.ವಿ.ಯಲ್ಲಿ ಹಣ ಕೊಟ್ಟು ನೋಡುವ ಚಿತ್ರಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಮೂಲ ಕನ್ನಡದ ಧ್ವನಿ ಒಳಗೆ ಇರುತ್ತದೆ. ಅದನ್ನು ಹುಡುಕಿ ಹೊರಗೆ ತೆಗೆಯಬೇಕು. ಹುಡುಕುವ ತಾಳ್ಮೆ ಯಾರಿಗಿದೆ? ಮೊದಲು ಏನು ಕೇಳಿಸಿತೋ ಅದನ್ನೇ ನೋಡಿ ಮುಗಿಸುತ್ತೇವೆ. ಯಂತ್ರ ಅದನ್ನು ನೆನಪಿಟ್ಟುಕೊಂಡು, ಮರುದಿನ ಅದನ್ನೇ ಬಡಿಸುತ್ತದೆ.

ನಮ್ಮ ಜಿಲ್ಲೆಯ ದಕ್ಷಿಣದ ಗಡಿಯಾಚೆಗಿರುವ ಪಯ್ಯನ್ನೂರಿನಲ್ಲಿ ನಡೆಯುವ ಕತೆಯುಳ್ಳ 'ಆಂಡ್ರಾಯ್ಡ್ ಕುಂಞಪ್ಪನ್' ಎಂಬ ಮಲೆಯಾಳ ಚಿತ್ರ 2019ರಲ್ಲಿ ಬಂತು. ಪರದೇಶದಲ್ಲಿರುವ ಮಗ, ಮುದಿ ತಂದೆಯನ್ನು ನೋಡಿಕೊಳ್ಳಲು ಯಂತ್ರಮಾನವನನ್ನು ತಂದು ಬಿಡುತ್ತಾನೆ. ಮೊದಮೊದಲು ಸಿಡುಕುತ್ತಿದ್ದ ತಂದೆಗೆ ಬರಬರುತ್ತ ಆ ಯಂತ್ರವೇ ಮಗನಾಗುತ್ತದೆ. ಮಕ್ಕಳೆಲ್ಲ ಗಲ್ಫಿಗೂ ಬೆಂಗಳೂರಿಗೂ ಹೋಗಿರುವ ನಮ್ಮ ಎಷ್ಟೋ ಮನೆಗಳ ಕತೆಯೂ ಅದೇ. ಚಿತ್ರ ನೋಡಿದಾಗ ನನಗೆ ಬಂದ ಯೋಚನೆ ಒಂದೇ: ಈ ಕುಂಞಪ್ಪನನ್ನು ಬದಿಯಡ್ಕದ ಒಂದು ಮನೆಗೆ ತಂದು ಬಿಟ್ಟರೆ, ಅವನು ಅಲ್ಲಿಯ ಅಜ್ಜಿಯೊಡನೆ ಯಾವ ಮಾತು ಆಡಿಯಾನು? "ಎನಗರಡಿಯ" ಎಂದು ಅಜ್ಜಿ ಹವ್ಯಕ ಕನ್ನಡದಲ್ಲಿ ಹೇಳಿದರೆ, ಅವಳಿಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಾದೀತೇ?

ನಾಲ್ಕಕ್ಷರದ ಬಾಳೆ

ಇದುವರೆಗೆ ಯಂತ್ರವನ್ನು ದೂರಿದ್ದಾಯಿತು. ಇನ್ನು ನಮ್ಮ ಮನೆಯೊಳಕ್ಕೆ ಇಣುಕೋಣ. ನನ್ನ ಕ್ಲಾಸಿನ ಮಕ್ಕಳು ಒಬ್ಬರಿಗೊಬ್ಬರು ಕಳುಹಿಸುವ ಸಂದೇಶಗಳು ಕನ್ನಡದಲ್ಲಿಯೇ ಇರುತ್ತವೆ, ಆದರೆ ಅಕ್ಷರ ಇಂಗ್ಲಿಷಿನದು. ಒಂದು ದಿನ ಕರಿಹಲಗೆಯ ಮೇಲೆ ಬಿ, ಎ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಬರೆದು, ಇದೇನೆಂದು ಕೇಳಿದೆ. ಒಬ್ಬಳು ಬಳೆ ಎಂದಳು, ಒಬ್ಬ ಬಲೆ ಎಂದ, ಹಿಂದಿನ ಬೆಂಚಿನವನು ಬಾಳೆ ಎಂದ. ಬಾಲೆ ಎಂಬ ನಾಲ್ಕನೆಯ ಅರ್ಥವನ್ನು ನಾನು ಸೇರಿಸಿದೆ. ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಅಲ್ಲಿ ಒಂದೇ ಆಗಿಬಿಟ್ಟಿದ್ದವು! ಲ, ಳ ಎಂಬ ಭೇದವಿಲ್ಲ; ನ, ಣ ಎಂಬ ಭೇದವಿಲ್ಲ; ದೀರ್ಘಕ್ಕೆ ದಿಕ್ಕಿಲ್ಲ. ಹೀಗೆ ಬರೆದು ರೂಢಿಯಾದ ಕೈ ಪರೀಕ್ಷೆಯ ಕಾಗದದ ಮೇಲೆ ಹೇಗೆ ನಡೆಯುತ್ತದೆಂದು ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರನ್ನು ಕೇಳಿ ನೋಡಿ. ಮೊಬೈಲಿನಲ್ಲಿ ಕನ್ನಡದ ಕೀಲಿಮಣೆ ಇಲ್ಲವೇ? ಇದೆ, ಬೇಕೆಂದು ಆರಿಸಿದರೆ ಬರುತ್ತದೆ. ಯಾರೂ ಆರಿಸುವುದಿಲ್ಲ.

ಶಾಲೆಯ ಕಂಪ್ಯೂಟರಿನದು ಇನ್ನೊಂದು ಗೋಳು. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣಿಸುತ್ತದೆ. ಕರ್ನಾಟಕದಲ್ಲಿ ಬಳಕೆಯಲ್ಲಿದ್ದ ಇಂಥವು ಹೆಚ್ಚಾಗಿ ವಿಂಡೋಸ್‌ಗಾಗಿ ಮಾಡಿದವು; ಕೇರಳದ ಶಾಲೆಗಳಲ್ಲಿ ಇರುವುದು ಲಿನಕ್ಸ್. ಆದುದರಿಂದ ಗಡಿಯಾಚೆಯಿಂದ ಗೆಳೆಯರು ಕಳುಹಿಸಿದ ಒಳ್ಳೆಯ ಪ್ರಶ್ನೆಪತ್ರಿಕೆ ಗಡಿ ದಾಟುವಾಗಲೇ ಮಂತ್ರವಾಗಿ ಹೋಗುತ್ತಿತ್ತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರದೇ ಆದ ಸ್ಥಾನ ದೊರೆತಿದೆ. ಅದರಲ್ಲಿ ಬರೆದರೆ ಈ ಗೋಳಿಲ್ಲ. ಇಷ್ಟು ವರ್ಷಗಳ ಬಳಿಕವೂ ಹಳೆಯ ರೂಢಿಯ ಕಡತಗಳು ನಮ್ಮ ಕೈಗೆ ಬರುತ್ತಲೇ ಇವೆ.

ಕೇಳಿದಲ್ಲಿ ಸಿಕ್ಕಿದೆ

ಹಾಗೆಂದು ಕೈಚೆಲ್ಲಿ ಕುಳಿತುಕೊಳ್ಳುವ ಸ್ಥಿತಿಯೇನೂ ಇಲ್ಲ. ಕೊರೋನಾ ಕಾಲದಲ್ಲಿ, 2020ರ ಜೂನ್ 1ರಂದು, ಕೇರಳದಲ್ಲಿ 'ಫಸ್ಟ್ ಬೆಲ್' ಎಂಬ ದೂರದರ್ಶನ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠಗಳು ತಯಾರಾಗಿ ಯೂಟ್ಯೂಬಿನಲ್ಲಿ ಬಂದವು. ಕುಂಬಳೆಯ ಪಾರ್ತಿಸುಬ್ಬನ ಕಾಲದಿಂದ ಬಯಲಿನಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಇಂದು ದುಬಾಯಿಯ ಕೋಣೆಯಲ್ಲಿ ಕುಳಿತ ನಮ್ಮ ಹುಡುಗ ನೇರವಾಗಿ ನೋಡುತ್ತಾನೆ. ಇದೇ ಯಂತ್ರ ಕನ್ನಡದ ಸೇವೆಯನ್ನೂ ಮಾಡಬಲ್ಲದು. ಆದರೆ ಕೇಳುವವರು ಇರಬೇಕು, ಕೇಳಿದ ಮೇಲೆ ದುಡಿಯುವವರೂ ಇರಬೇಕು.

ನಮ್ಮ ಬಗ್ಗೆಯೇ ಬಂದ ಚಿತ್ರವೊಂದನ್ನು ನೆನೆಯಬೇಕು. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಕನ್ನಡ ಶಾಲೆಗೆ ಮಲೆಯಾಳಿ ಗಣಿತದ ಮಾಷ್ಟ್ರು ಬರುವುದು, ಶಾಲೆಗೆ ಬೀಗ ಬೀಳುವುದು, ಮಕ್ಕಳು ಎದ್ದು ನಿಲ್ಲುವುದು ಅದರ ಕತೆ. ಆ ವರ್ಷದ ಉತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧ ಹಲವು ಬಾರಿ ಬೀದಿಗಿಳಿದ ನಮಗೆ ಅದು ಬರಿಯ ಸಿನಿಮಾ ಅಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಹಾಗೆ ತಟ್ಟಿದ ಎಷ್ಟೋ ಕೈಗಳು ಮರುವರ್ಷ ಜೂನ್ ತಿಂಗಳಲ್ಲಿ ಮಕ್ಕಳ ಕೈಹಿಡಿದು ನಡೆದದ್ದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. ಸಿನಿಮಾ ಮುಗಿದ ಮೇಲೆ ದೀಪ ಹಾಕುತ್ತಾರೆ. ಆ ಬೆಳಕಿನಲ್ಲಿ ನಾವು ಎತ್ತ ನಡೆಯುತ್ತೇವೆ ಎಂಬುದೇ ಮುಖ್ಯ.

ಹತ್ತು ವರ್ಷಕ್ಕೊಮ್ಮೆ ಜನಗಣತಿಯವರು ಮನೆಗೆ ಬಂದು ಮಾತೃಭಾಷೆ ಯಾವುದೆಂದು ಕೇಳಿ ಬರೆದುಕೊಳ್ಳುವುದು ಪದ್ಧತಿ. 2021ರಲ್ಲಿ ಅದೂ ನಡೆಯಲಿಲ್ಲ. ಆದರೆ ಯಂತ್ರದ ಗಣತಿ ದಿನವೂ, ಕ್ಷಣವೂ ನಡೆಯುತ್ತಿದೆ. ಯಾವ ಭಾಷೆಯ ಹಾಡು ಕೇಳಿದಿರಿ, ಯಾವ ಅಕ್ಷರದಲ್ಲಿ ಬರೆದಿರಿ, ಯಾವ ಧ್ವನಿಯಲ್ಲಿ ಚಿತ್ರ ನೋಡಿದಿರಿ ಎಂಬುದೆಲ್ಲ ಅದರ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ನಾವು ಲಕ್ಷಾಂತರ ಮಂದಿ ಇದ್ದರೂ, ಕನ್ನಡದ ಗುಂಡಿಯನ್ನು ಒತ್ತದಿದ್ದರೆ ಆ ಪುಸ್ತಕದಲ್ಲಿ ನಾವು ಇಲ್ಲ. ಅಲ್ಲಿ ಇಲ್ಲದವರಿಗಾಗಿ ನಾಳೆ ಯಾರೂ ಏನನ್ನೂ ತಯಾರಿಸುವುದಿಲ್ಲ.

ಆದುದರಿಂದ ಓದುಗ ಬಂಧುಗಳಲ್ಲಿ ವಿನಂತಿ ಇಷ್ಟೇ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳನ್ನು ಕರೆದು ಮೊಬೈಲಿಗೆ ಕನ್ನಡದ ಕೀಲಿಮಣೆ ಹಾಕಿಸಿಕೊಳ್ಳಿ. ಮುಂದಿನ ಕನ್ನಡ ಚಿತ್ರವನ್ನು ಕನ್ನಡದ ಧ್ವನಿಯಲ್ಲೇ ನೋಡಿ; ಟಾಕೀಸಿನವರನ್ನು ಕನ್ನಡದ ಪ್ರತಿ ಎಂದು ಬರುತ್ತದೆಂದು ಬಾಯಿಬಿಟ್ಟು ಕೇಳಿ. ಮಗಳು ಪೇಟೆಯಿಂದ ಬಾಳೆ ಬೇಕೆಂದು ಬರೆದರೆ, ಅದನ್ನು ಕನ್ನಡದ ಅಕ್ಷರದಲ್ಲಿಯೇ ಬರೆ ಮಗಳೇ ಎನ್ನಿ. ಬಳೆ ತಂದು ಬೈಸಿಕೊಳ್ಳುವುದಾದರೂ ತಪ್ಪುತ್ತದೆ.