ಬಿಗಿದ ಮಷೀನು, ಮೊಂಡು ಕತ್ತರಿ: ಗುಜರಿಗೆ ಹಾಕೋ ಮೊದಲು

ಅಜ್ಜಿ ಕಾಲದ ಹೊಲಿಗೆ ಮಷೀನು ತಿರುಗ್ತಾನೇ ಇಲ್ವಾ? ಗುಜರಿಗೆ ಕೊಡಬೇಡಿ.

ಹೆಚ್ಚಿನ ಸಲ ಒಳಗೆ ಏನೂ ಮುರಿದಿರಲ್ಲ. ಯಾವಾಗಲೋ ಬಿಟ್ಟ ಕೊಬ್ಬರಿ ಎಣ್ಣೆ ಒಣಗಿ ಅಂಟಾಗಿರುತ್ತೆ, ಅದಕ್ಕೆ ಬಟ್ಟೆಯ ಜುಂಗು ಮೆತ್ತಿಕೊಂಡಿರುತ್ತೆ. ಎಣ್ಣೆ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಬೆಂಕಿಯಿಂದ ದೂರ, ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಚಕ್ರವನ್ನ ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಜೋರು ಮಾಡಬೇಡಿ, ಅಲ್ಲೇ ಎಷ್ಟೋ ಒಳ್ಳೆ ಮಷೀನು ಕೆಡೋದು. ಸಡಿಲವಾದ ಮೇಲೆ ಕಪ್ಪು ಜಿಡ್ಡನ್ನೆಲ್ಲ ಒರೆಸಿ, ಮಷೀನ್ ಎಣ್ಣೆಯನ್ನೇ ಹಾಕಿ. ಸೀಮೆಎಣ್ಣೆ ಜಿಡ್ಡು ಕರಗಿಸುತ್ತೆ ಅಷ್ಟೇ, ಸವೆತ ತಡೆಯಲ್ಲ.

ಚರ್ಮದ ಬೆಲ್ಟು ಜೋಲಾಗಿದ್ಯಾ? ಕೊಂಡಿ ಬಿಚ್ಚಿ, ಸ್ವಲ್ಪ ಕತ್ತರಿಸಿ, ಮತ್ತೆ ಜೋಡಿಸಿ.

ದಾರ ಪದೇ ಪದೇ ತುಂಡಾಗ್ತಿದ್ರೆ ಸೂಜಿ ಇಳಿಯೋ ತಗಡಿನ ತೂತನ್ನ ನೋಡಿ. ಸೊಟ್ಟ ಸೂಜಿ ಬಡಿದು ಅಲ್ಲಿ ಗೀರು ಬಿದ್ದಿರಬಹುದು. ನುಣುಪಾದ ಎಮರಿ ಪೇಪರಿನಲ್ಲಿ ಉಜ್ಜಿದ್ರೆ ತಗಡು ಉಳಿಯುತ್ತೆ. ಸೊಟ್ಟ ಸೂಜಿಯನ್ನ ಮಾತ್ರ ಎಸೆದುಬಿಡಿ, ಮುಚ್ಚಳ ಇರೋ ಡಬ್ಬಿಯಲ್ಲಿ ಹಾಕಿ.

ಇನ್ನು ಕತ್ತರಿ. ನಮ್ಮ ಉತ್ತರ ಕರ್ನಾಟಕದ ಕೌದಿ ಹೊದಿಕೆ ಹೊಲಿಯೋಕೆ ಮಷೀನು ಬೇಕಿಲ್ಲ, ಕೈಸೂಜಿ ಸಾಕು. ಆದ್ರೆ ಅದಕ್ಕೆ ಬೇಕಾದ ಹಳೇ ಸೀರೆ ಕತ್ತರಿಸೋಕೆ ಚೂಪು ಕತ್ತರಿ ಬೇಕೇ ಬೇಕು. ಸಾಣೆ ಹಿಡಿಸುವಾಗ ಪಕ್ಕದಲ್ಲೇ ನಿಲ್ಲಿ. ಇಳಿಜಾರಿನ ಅಂಚಿಗೆ ಮಾತ್ರ ಸಾಣೆ. ಅಲಗುಗಳು ಒಂದಕ್ಕೊಂದು ತಾಗೋ ಒಳಮೈ ಸವೆದ್ರೆ ಬಟ್ಟೆ ನಡುವೆ ಮಡಚಿಕೊಳ್ಳುತ್ತೆ, ಕತ್ತರಿಸಲ್ಲ. ಈಗಾಗಲೇ ಹಾಗಾಗಿದ್ರೆ ಹಿಡಿಗೆ ಬಣ್ಣದ ದಾರ ಕಟ್ಟಿ, ಕಾಗದದ ಪ್ಯಾಟರ್ನ್ ಕತ್ತರಿಸೋಕೆ ಇಟ್ಕೊಳ್ಳಿ.