ದೊಡ್ಡ ಟಯರಿನ ಪಿಕಪ್‌ಗೆ ಹಳೆಯ ಬ್ರೇಕ್ ಸಾಕೇ?



ಮಳೆಗಾಲದಲ್ಲಿ ತೋಟದ ರಸ್ತೆಯ ಕೆಸರಿಗೆ ಹೆದರಿ ಪಿಕಪ್‌ಗೆ ಮೂಲ ಅಳತೆಗಿಂತ ದೊಡ್ಡ ಟಯರು ಹಾಕಿಸುವ ರೂಢಿ ನಮ್ಮಲ್ಲಿದೆ. ತಳ ಕಲ್ಲಿಗೆ ತಾಗುವುದಿಲ್ಲ, ಗುಂಡಿಯಲ್ಲಿ ಚಕ್ರ ಸಿಕ್ಕಿಕೊಳ್ಳುವುದಿಲ್ಲ ಎಂಬುದು ಒಪ್ಪತಕ್ಕ ಮಾತೇ. ಆದರೆ ಹತ್ತುವುದರ ಬಗ್ಗೆ ಮಾಡಿದಷ್ಟು ಯೋಚನೆಯನ್ನು ಇಳಿಯುವುದರ ಬಗ್ಗೆ ಮಾಡುವವರು ಕಡಿಮೆ. ಟಯರು ಬದಲಾದ ಮೇಲೆ "ಬ್ರೇಕ್ ಮೊದಲಿನಂತೆ ಹಿಡಿಯುವುದಿಲ್ಲ" ಎಂದು ಡ್ರೈವರು ಹೇಳಿದರೆ ಅದು ಅವನ ಭ್ರಮೆಯಲ್ಲ.

ಬ್ರೇಕು ಹಿಡಿಯುವುದು ಚಕ್ರದ ನಡುವೆ. ನೆಲ ತಳ್ಳುವುದು ಟಯರಿನ ಅಂಚಿನಲ್ಲಿ. ಹಾರೆ ಉದ್ದವಾದಷ್ಟೂ ಬಂಡೆ ಸಲೀಸಾಗಿ ಮಗುಚುತ್ತದಲ್ಲವೇ? ಹಾಗೆಯೇ ಟಯರು ದೊಡ್ಡದಾದಷ್ಟೂ ನೆಲದ ಕೈ ಮೇಲಾಗುತ್ತದೆ. 215/75, 15 ಇಂಚಿನ ಟಯರಿನ ಎತ್ತರ ಸುಮಾರು 703 ಮಿ.ಮೀ. 235/75 ಹಾಕಿದರೆ 733 ಮಿ.ಮೀ., ಅಂದರೆ ಶೇಕಡಾ 4ರಷ್ಟು ಹೆಚ್ಚಳ. ಇದನ್ನು ಸುಸ್ಥಿತಿಯ ಬ್ರೇಕು ಹೇಗೋ ತಡೆದುಕೊಂಡೀತು. ಆದರೆ 31 ಇಂಚಿನ ಟಯರು 787 ಮಿ.ಮೀ. ಎತ್ತರದ್ದು. ಹೆಚ್ಚಳ ಶೇಕಡಾ 12. ಪೆಡಲನ್ನು ಅಷ್ಟೇ ತುಳಿದರೂ ನೆಲಕ್ಕೆ ಸಿಗುವ ಹಿಡಿತ ಶೇಕಡಾ 10ಕ್ಕಿಂತ ಹೆಚ್ಚು ಕುಗ್ಗುತ್ತದೆ. ಇದರ ಮೇಲೆ ಸ್ಪೀಡೋಮೀಟರಿನ ಲೆಕ್ಕವೂ ತಪ್ಪುತ್ತದೆ. ಮೊದಲು ಮುಳ್ಳು 40 ತೋರಿಸುತ್ತಿದ್ದಲ್ಲಿ ನಿಜವಾಗಿ 40 ಇತ್ತೆಂದುಕೊಂಡರೆ, ಈಗ ಅದು 45ರ ಹತ್ತಿರ ಇರುತ್ತದೆ. ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಬ್ರೇಕು ನುಂಗಬೇಕಾದ ಶಕ್ತಿ ಕಾಲು ಪಾಲು ಹೆಚ್ಚುತ್ತದೆ. ಗೇರಿನಲ್ಲಿ ಇಳಿಯುವಾಗ ಎಂಜಿನ್ ಹಿಡಿದು ನಿಲ್ಲಿಸುವ ಬಲವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಈ ಕೊನೆಯ ಅಂಶವನ್ನು ವರ್ಕ್‌ಶಾಪಿನವರು ಸಾಮಾನ್ಯವಾಗಿ ಹೇಳುವುದಿಲ್ಲ.

ಘಟ್ಟದ ಲೆಕ್ಕವನ್ನು ಬಚ್ಚಲ ಹಂಡೆಯಿಂದ ಅಳೆಯೋಣ. ಕಾಫಿಯೋ ಅಡಿಕೆಯೋ ಹೇರಿ ಒಟ್ಟು 3,000 ಕಿಲೋ ತೂಗುವ ವಾಹನ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಹೊರಬೀಳುವ ಶಕ್ತಿ 45 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಇದರಲ್ಲಿ ಒಂದು ಭಾಗವನ್ನು ಎಂಜಿನ್ ಮತ್ತು ಗಾಳಿ ತೆಗೆದುಕೊಳ್ಳುತ್ತವೆ. ಉಳಿದದ್ದೆಲ್ಲ ಡಿಸ್ಕು, ಡ್ರಮ್ಮುಗಳ ಪಾಲಿಗೆ. ಅವು ಮಿತಿಮೀರಿ ಕಾದರೆ ಲೈನಿಂಗ್ ಹಿಡಿತ ಬಿಡುತ್ತದೆ. ಪೆಡಲು ಗಟ್ಟಿಯಾಗಿದ್ದರೂ ವಾಹನ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಪೆಡಲು ಮೆತ್ತಗಾಗಿ ನೆಲಕ್ಕೇ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಅತ್ಯಂತ ಕಡಿಮೆ ಖರ್ಚಿನ ಕೆಲಸವೇ ಮೊದಲು: ಆಯಿಲ್. ಇದು ಗಾಳಿಯ ತೇವವನ್ನು ಹೀರುವ ವಸ್ತು, ನಮ್ಮದೋ ಮಳೆಯ ಸೀಮೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ; ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ತಯಾರಕರು ಒಪ್ಪಿದ್ದರೆ ಡಾಟ್ 4 ಹಾಕಿಸಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಗಾಳಿ ತೆಗೆಸಿ. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು, ಅದನ್ನು ಇವುಗಳೊಂದಿಗೆ ಬೆರೆಸಕೂಡದು.

ಬಳಿಕ ಒಳ್ಳೆಯ ಪ್ಯಾಡು, ಲೈನಿಂಗು. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸವನ್ನು ಕೊರೆದಿರುತ್ತಾರೆ. ಅದನ್ನು ಮೀರಿ ಸವೆದಿದ್ದರೆ ಹೊಸ ಲೈನಿಂಗಿಗೆ ಹಾಕುವ ಹಣ ದಂಡ. ಹಳೆಯ ಲೈನಿಂಗಿನ ಧೂಳನ್ನು ಗಾಳಿ ಬಿಟ್ಟು ಊದಿಸಬೇಡಿ, ಅದರಲ್ಲಿ ಕಲ್ನಾರು ಇರಬಹುದು. ಇಷ್ಟೂ ಆದ ಮೇಲೂ ಹಿಡಿತ ಸಾಲದಿದ್ದರೆ ಮಾತ್ರ ದೊಡ್ಡ ಡಿಸ್ಕು, ಕ್ಯಾಲಿಪರ್‌ಗಳ ವಿಚಾರ. ಅದೇ ತಯಾರಕರ ಹೆಚ್ಚು ಭಾರದ ಮಾದರಿಯ ಭಾಗಗಳು ಹೊಂದುವುದಾದರೆ ಪೂರ್ತಿ ಜೋಡಿಯಾಗಿಯೇ ಹಾಕಿಸಬೇಕು.

ಒಂದು ಅಗ್ಗದ ಉಪಾಯವನ್ನು ಮಾತ್ರ ನಾನು ಒಪ್ಪಲಾರೆ. ಹಿಂದಿನ ಡ್ರಮ್ಮಿಗೆ 20 ಮಿ.ಮೀ. ವೀಲ್ ಸಿಲಿಂಡರಿನ ಬದಲು 22ರದ್ದು ಕೂರಿಸಿದರೆ ಅಲ್ಲಿಯ ಒತ್ತಡದ ಬಲ ಶೇಕಡಾ 21 ಏರುವುದು ನಿಜ. ಆದರೆ ಆ ಸಿಲಿಂಡರಿಗೆ ಆಯಿಲೂ ಅಷ್ಟೇ ಹೆಚ್ಚು ಬೇಕು, ಪೆಡಲು ಕೆಳಗಿಳಿಯುತ್ತದೆ. ವಾಹನ ಖಾಲಿಯಿರುವಾಗ ಹಿಂದಿನ ಚಕ್ರಗಳು ಮೊದಲು ಕಚ್ಚಿ ನಿಂತು, ಒದ್ದೆ ತಿರುವಿನಲ್ಲಿ ಹಿಂಭಾಗ ಅಡ್ಡ ಬರುತ್ತದೆ.

ಅನೇಕ ಪಿಕಪ್‌ಗಳ ಹಿಂದಿನ ಆಕ್ಸಲ್‌ಗೆ ಸಣ್ಣ ಸರಳೊಂದನ್ನು ಜೋಡಿಸಿದ ವಾಲ್ವ್ ಇರುತ್ತದೆ. ಭಾರ ಬಿದ್ದು ಸ್ಪ್ರಿಂಗ್ ಕುಸಿದಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ದೊಡ್ಡ ಟಯರಿಗೆ ಜಾಗ ಮಾಡಲು ಸ್ಪ್ರಿಂಗ್ ಪ್ಲೇಟು ಸೇರಿಸಿ ಎತ್ತರಿಸಿದರೆ, ಚೀಲ ತುಂಬಿದ್ದರೂ ಈ ವಾಲ್ವ್ ವಾಹನ ಖಾಲಿಯಿದೆ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕು ಅರೆಬರೆ ಕೆಲಸ ಮಾಡುತ್ತದೆ. ಆದ್ದರಿಂದ ಪ್ಲೇಟು ಸೇರಿಸಿದಾಗ ಸರಳಿನ ಅಳತೆಯನ್ನು ಬಲ್ಲವರಿಂದ ಸರಿಪಡಿಸಿಕೊಳ್ಳತಕ್ಕದ್ದು.

ಕಾನೂನಿನ ಮಾತು: 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಹಣ ಖರ್ಚು ಮಾಡುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪೆನಿಗೂ ಬರೆದು ತಿಳಿಸುವುದು ಕ್ಷೇಮ. ನನ್ನನ್ನು ಕೇಳಿದರೆ, ನಮ್ಮಲ್ಲಿ ಹೆಚ್ಚಿನವರಿಗೆ ಮೂಲ ಅಳತೆಯದೇ ಬಟನ್ ಟಯರು ಸಾಕು. ಕೆಸರಿನಲ್ಲಿ ಹಿಡಿತ ಕೊಡುವುದು ಅದರ ಗಟ್ಟುಗಳೇ.

ಇನ್ನು ಡ್ರೈವರಿಗೆ ಹೇಳಬೇಕಾದದ್ದು. ದೊಡ್ಡ ಟಯರಿದ್ದರೆ ಇಳಿಜಾರಿನಲ್ಲಿ ಮೊದಲಿಗಿಂತ ಒಂದು ಗೇರು ಕೆಳಗೆ ಹಾಕಿಯೇ ಇಳಿಸಲಿ. ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿದರೆ ಬೂಸ್ಟರಿನ ನೆರವು ಎರಡು ಮೂರು ತುಳಿತಕ್ಕೇ ಮುಗಿಯುತ್ತದೆ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಪೆಡಲನ್ನು ಹಗುರವಾಗಿ ಒತ್ತಿ ಲೈನಿಂಗ್ ಒಣಗಿಸಲಿ. ಹೊಸ ಲೈನಿಂಗ್ ಹಾಕಿದ ವಾಹನವನ್ನು ನೇರವಾಗಿ ಘಟ್ಟಕ್ಕೆ ಕಳುಹಿಸಬೇಡಿ. ಮೊದಲು ಸಮತಟ್ಟು ರಸ್ತೆಯಲ್ಲಿ ಖಾಲಿಯಾಗಿ, ಆಮೇಲೆ ಅರ್ಧ ಹೇರಿ ಓಡಿಸಿ, ಅದು ಎಡಕ್ಕೋ ಬಲಕ್ಕೋ ಎಳೆಯುತ್ತದೆಯೇ ಎಂದು ನೋಡಿಕೊಳ್ಳಿ.

– ಕಾರ್ಯದರ್ಶಿ